ಕಿವಿಗೆ ಬಂದ ತುತ್ತು

ಶಿವಪುತ್ರ ಮಾಸ್ತರರ ಹೊಟ್ಟೆಯೊಳಗೆ ಏನೇ ನಡೆದರೂ ಅದು ಅವರಿಗಿಂತ ಮೊದಲು ಅವರ ಹೆಂಡತಿಗೆ ಗೊತ್ತಾಗುತ್ತಿತ್ತು. ಸಂಸಾರದಲ್ಲಿ ಇದೇನು ಹೊಸದೇ ಎಂದು ಕೇಳಬೇಡಿ. ಇಲ್ಲಿ ಮಾತು ಅಕ್ಷರಶಃ ನಿಜ. ನೀಲಾಂಬಿಕಾ ಕೆಲಸ ಮಾಡುತ್ತಿದ್ದುದು ಧಾರವಾಡದ ಉದರ ನಿಗಾ ಕೇಂದ್ರದಲ್ಲಿ. ಊರಿನ ಅರ್ಧಕ್ಕರ್ಧ ಜನರ ಹೊಟ್ಟೆಯ ಸಮಾಚಾರ ಅಲ್ಲಿನ ದೊಡ್ಡ ಪರದೆಯ ಮೇಲೆ ಹಸಿರು ಗೆರೆಗಳಾಗಿ ಹರಿಯುತ್ತಿತ್ತು. ಆ ಗೆರೆಗಳಲ್ಲಿ ಒಂದು ಅವಳ ಗಂಡನದು.

ಕಾವಲುಮಣಿ ಬಂದು ಆಗಲೇ ಕೆಲವು ವರ್ಷಗಳಾಗಿದ್ದವು. ಕಡಲೆಕಾಳಿನ ಗಾತ್ರದ ಮಣಿ ಅದು. ನೀರಿನ ಜೊತೆ ನುಂಗಿದರೆ ಜಠರದೊಳಗೆ ಹೂವಿನಂತೆ ಬಿಚ್ಚಿಕೊಂಡು ಗೋಡೆಗೆ ಅಂಟಿ ಕೂರುತ್ತಿತ್ತು. ಆಮ್ಲ ಎಷ್ಟು ಸುರಿಯಿತು, ಗಾಳಿ ಎಷ್ಟು ತುಂಬಿತು, ಕರುಳು ಯಾವಾಗ ಹಿಂಡಿತು ಎಂಬ ಚಾಡಿಯನ್ನೆಲ್ಲ ಮುಂಗೈಯ ಪಟ್ಟಿಗೆ ಹೇಳುತ್ತಿತ್ತು. ಪಟ್ಟಿ ಅದನ್ನು ಕೇಂದ್ರಕ್ಕೆ ಮುಟ್ಟಿಸುತ್ತಿತ್ತು. ಕೇಂದ್ರದಲ್ಲಿ ‘ಪಥ್ಯ’ ಎಂಬ ಯಂತ್ರ ಎಲ್ಲವನ್ನೂ ತೂಗಿ ನೋಡಿ, ಇಂಥದ್ದು ತಿನ್ನಿ, ಇಂಥದ್ದು ಬಿಡಿ ಎಂದು ಅಪ್ಪಣೆ ಕೊಡುತ್ತಿತ್ತು. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಹೇಳಿದ್ದರು. ಈಗ ಊಟ ಬಲ್ಲ ಕೆಲಸವನ್ನೇ ಯಂತ್ರಕ್ಕೆ ಒಪ್ಪಿಸಿ ಜನ ನಿಶ್ಚಿಂತರಾಗಿದ್ದರು.

ಮಾಸ್ತರರಿಗೆ ಇದ್ದದ್ದು ಹೊಟ್ಟೆಯುಬ್ಬರ. ಭೂಗೋಳ ಪಾಠ ಮಾಡುತ್ತ ನಿಂತರೆ ಹೊಟ್ಟೆಯೂ ಭೂಗೋಳದಂತೆಯೇ ದುಂಡಗಾಗುತ್ತಿತ್ತು. ನೋವೇನೂ ಇರಲಿಲ್ಲ, ಮುಜುಗರವಿತ್ತು. ಹೆಂಡತಿ ಕೇಂದ್ರದಲ್ಲಿದ್ದೂ ಗಂಡ ಹೀಗಿದ್ದರೆ ಹೇಗೆ ಎಂದು ನೀಲಾ ಅವರಿಗೂ ಮಣಿ ನುಂಗಿಸಿದಳು. ‘ಪಥ್ಯ’ ಅವರಿಗೆ ಬಿಡುಪಥ್ಯ ಬರೆಯಿತು. ಅನುಮಾನ ಬಂದ ತಿನಿಸನ್ನೆಲ್ಲ ಒಮ್ಮೆಲೇ ಬಿಡಿಸಿ, ಹೊಟ್ಟೆ ತಣ್ಣಗಾದ ಮೇಲೆ ಒಂದೊಂದಾಗಿ ಮರಳಿ ಕೊಟ್ಟು, ಕಳ್ಳನನ್ನು ಹಿಡಿಯುವ ಕ್ರಮ ಅದು. ಹಾಲು, ಗೋಧಿ, ಶೇಂಗಾ, ಬೇಳೆ, ಬದನೆಕಾಯಿ ಹೋದವು. ಕೊನೆಗೆ ಜೋಳವೂ ಹೋಯಿತು.

ಜೋಳ ಹೋದ ದಿನ ಮನೆಯಲ್ಲಿ ಸೂತಕದ ಕಳೆ. ಮಾಸ್ತರರ ತಾಯಿ ಪಾರವ್ವ ರೊಟ್ಟಿಯ ಹಂಚನ್ನು ತೊಳೆದು ಒರೆಸಿ ಮೇಲಿನ ಹಲಗೆಗೆ ಏರಿಸಿದಳು.

“ಜ್ವಾಳ ಏನ್ ತಪ್ಪ ಮಾಡೇತಿ ನೀಲವ್ವಾ?”

“ತಪ್ಪ ಮಾಡೇತಿ ಅಂತ ಅಲ್ರಿ ಅತ್ತಿ. ಓಣ್ಯಾಗ ಕಳವಾದ್ರ ಪೊಲೀಸ್ರು ಎಲ್ಲಾರನ್ನೂ ಕರದು ಕುಂದರಸ್ತಾರಲ್ಲ, ಹಂಗ. ತಪ್ಪ ಇಲ್ಲ ಅಂದ್ರ ಬಿಟ್ಟ ಬಿಡ್ತಾರ.”

“ಹೌದವ್ವಾ. ಪೊಲೀಸ್ರು ಬಿಟ್ಟ ಕತಿ ನಾ ಭಾಳ ಕೇಳೇನಿ.”

ಮಾತು ಚುರುಕಾಗಿದ್ದರೂ ಪಾರವ್ವ ಸೊಸೆಯ ಮಾತು ಮೀರುವವಳಲ್ಲ. ಸೊಸೆ ಕಲಿತವಳು, ಊರ ಮಂದಿಯ ಹೊಟ್ಟೆ ಕಾಯುವವಳು ಎಂಬ ಹೆಮ್ಮೆ ಅವಳಿಗಿತ್ತು. ಅಂದಿನಿಂದ ಮನೆಯಲ್ಲಿ ಎಲ್ಲರಿಗೂ ಅನ್ನ ಮತ್ತು ಗಂಜಿ. ಪಥ್ಯದವನ ಎದುರು ಕೂತು ರೊಟ್ಟಿ ಮುರಿಯುವುದು ಪಾಪ ಎಂದು ಪಾರವ್ವನೇ ಕಟ್ಟಳೆ ಮಾಡಿದಳು.

ಮೊದಲ ಕೆಲವು ದಿನ ಎಲ್ಲ ಸುಸೂತ್ರ. ಉಬ್ಬರ ಇಳಿಯಿತು, ಮಾಸ್ತರರ ಬೆಲ್ಟು ಒಂದು ತೂತು ಒಳಗೆ ಸರಿಯಿತು. ಆಮೇಲೆ ನೋವು ಶುರುವಾಯಿತು.

ಅದು ಬರುತ್ತಿದ್ದುದು ಬೆಳಿಗ್ಗೆ, ಅವರು ಸ್ನಾನ ಮುಗಿಸಿ ಪಡಸಾಲೆಯಲ್ಲಿ ಪತ್ರಿಕೆ ಹಿಡಿದು ಕೂತ ಹೊತ್ತಿಗೆ. ಮೇಲುಹೊಟ್ಟೆಯಲ್ಲಿ ಮೊದಲು ಸಣ್ಣ ಉರಿ, ಆಮೇಲೆ ಒದ್ದೆ ಬಟ್ಟೆ ಹಿಂಡಿದಂತೆ ಸಂಕಟ. ಅಷ್ಟು ಹೊತ್ತಿಗೆ ನೀಲಾ ಕೇಂದ್ರದಲ್ಲಿರುತ್ತಿದ್ದಳು. ಅವಳದು ಬೆಳಗಿನ ಪಾಳಿ. ಪರದೆಯ ಮೇಲೆ ಗಂಡನ ಗೆರೆ ಸಮತಟ್ಟಾಗಿ ಹರಿಯುತ್ತಿದ್ದುದು ಒಮ್ಮೆಲೇ ಗುಡ್ಡದಂತೆ ಏಳುತ್ತಿತ್ತು. ಹತ್ತಿರದಲ್ಲಿ ‘ಪಥ್ಯ’ದ ಷರಾ ಮಿನುಗುತ್ತಿತ್ತು: ಗುರುತು ಸಿಗದ ಆಹಾರ ಸೇವಿಸಲಾಗಿದೆ.

“ಏನ್ ತಿಂದ್ರಿ?” ಎಂದು ನೀಲಾ ಫೋನು ಮಾಡುತ್ತಿದ್ದಳು.

“ಏನೂ ಇಲ್ಲ, ನೀಲಾ. ನಿನ್ನಾಣಿ. ಪೇಪರ್ ಓದಾಕತ್ತೇನಿ.”

“ಅತ್ತಿ ಏನರ ಕೊಟ್ರೇನು?”

“ಅವ್ವ ಮನ್ಯಾಗ ಇಲ್ಲ. ಬಾಜೂಮನಿಗೆ, ಮಾಬುಬಿ ಜೋಡಿ ಮಾತಾಡಾಕ ಹೋಗ್ಯಾಳ.”

ಯಂತ್ರ ಅಷ್ಟಕ್ಕೆ ಬಿಡಲಿಲ್ಲ. ಬಾಳೆಹಣ್ಣು ಬಿಡಿಸಿತು. ಜೀರಿಗೆ ಬಿಡಿಸಿತು. ತಿಂದದ್ದರಿಂದಲೇ ನೋವು ಬರಬೇಕು ಎಂಬ ಒಂದೇ ಮಂತ್ರ ಅದಕ್ಕೆ ಗೊತ್ತಿತ್ತು. ಆದರೆ ಬಿಡಿಸಿದಷ್ಟೂ ನೋವು ಹೆಚ್ಚು, ಗುಡ್ಡದ ಅಗಲ ದಿನದಿಂದ ದಿನಕ್ಕೆ ಹೆಚ್ಚು. ನಡುವೆ ಒಂದು ಶನಿವಾರ ಮಾತ್ರ ಗೆರೆ ಏಳಲೇ ಇಲ್ಲ. ಬಾಳೆಹಣ್ಣೇ ಕಳ್ಳ ಎಂದು ಕೇಂದ್ರದಲ್ಲಿ ಎಲ್ಲರೂ ಹಿಗ್ಗಿದರು. ಪಾರವ್ವ ಆ ದಿನ ತಂಗಿಯ ಮೊಮ್ಮಗಳ ಹೆಸರಿಡುವ ಕಾರ್ಯಕ್ಕೆ ಗದಗಿಗೆ ಹೋಗಿದ್ದಳು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಭಾನುವಾರ ಮತ್ತೆ ಅದೇ ಗುಡ್ಡ.

ಒಂದು ದಿನ ಕೇಂದ್ರದ ಮುಖ್ಯಸ್ಥರಾದ ದೇಸಾಯಿಯವರು ನೀಲಾಳ ಮೇಜಿನ ಬಳಿ ಬಂದು ಕುರ್ಚಿ ಎಳೆದುಕೊಂಡರು.

“ಮೇಡಮ್, ಬಿಡಸಲಿಕ್ಕೆ ಇನ್ನ ಏನ್ ಉಳದದ? ಉಪ್ಪು, ನೀರು. ಹಿಂಗ ಬಿಟ್ರ ಹುಣ್ಣ ಆಗ್ತದ. ಕಲಾಯಿ ಒಂದ ಹಾದಿ. ಸೋಮವಾರ ಹಾಸಿಗಿ ಖಾಲಿ ಅದ.”

ಕಲಾಯಿ ಎಂಬುದು ಜನ ಇಟ್ಟ ಹೆಸರು. ಕೇಂದ್ರದ ಭಾಷೆಯಲ್ಲಿ ಅದು ‘ಉದರ ನವೀಕರಣ’. ಹಿತ್ತಾಳೆ ಪಾತ್ರೆಯನ್ನು ಉಜ್ಜಿ ತವರ ಬಳಿಯುವ ಹಾಗೆ, ಹೊಟ್ಟೆಯಲ್ಲಿ ಹುಟ್ಟಿದಾಗಿನಿಂದ ಮನೆ ಮಾಡಿಕೊಂಡಿದ್ದ ಸೂಕ್ಷ್ಮಜೀವಿಗಳನ್ನೆಲ್ಲ ತೊಳೆದು, ಪ್ರಯೋಗಾಲಯದಲ್ಲಿ ಬೆಳೆಸಿದವನ್ನು ಕೂರಿಸುತ್ತಿದ್ದರು. ಮಿದುಳಿಗೂ ಹೊಟ್ಟೆಗೂ ನಡುವಿನ ನರವನ್ನು ಅರೆಬರೆ ಮಲಗಿಸುತ್ತಿದ್ದರು. ಆಮೇಲೆ ಕಲ್ಲು ತಿಂದರೂ ಕರಗುತ್ತದೆ, ನೋವೆಂಬುದಿಲ್ಲ. ಹಸಿವೆಂಬುದೂ ಇಲ್ಲ. ಮುಂಗೈಯ ಪಟ್ಟಿ ಗಂಟೆ ಬಾರಿಸಿದಾಗ ತಿನ್ನಬೇಕು, ಅಷ್ಟೆ.

ದೇಸಾಯಿಯವರು ಸ್ವತಃ ಕಲಾಯಿ ಹಾಕಿಸಿಕೊಂಡವರು. ಮಾತಿನ ನಡುವೆಯೇ ಅವರ ಪಟ್ಟಿ ಗಂಟೆ ಬಾರಿಸಿತು. ಅವರು ಡಬ್ಬಿ ತೆರೆದು, ಅದರೊಳಗೆ ಏನಿದೆಯೆಂದು ನೋಡದೆ ತಿನ್ನತೊಡಗಿದರು. ಒಂದು ಕಾಲಕ್ಕೆ ಹೊಟ್ಟೆಹುಣ್ಣಿನಿಂದ ರಕ್ತ ಕಾರಿಕೊಂಡ ಮನುಷ್ಯ. ಅವರಿಗೆ ಕಲಾಯಿ ಜೀವ ಉಳಿಸಿತ್ತು.

“ಹೆಂಗ ಅನಸ್ತದ್ರಿ ಸರ್?” ನೀಲಾ ಕೇಳಿದಳು.

“ಏನೂ ಅನಸೂದಿಲ್ಲ. ಅದ ಅದರ ಗುಣ.” ಡಬ್ಬಿ ಮುಚ್ಚಿದರು. “ಮನ್ಯಾಗ ನಮ್ಮಾಕಿ, ಏನ್ ಅಡಗಿ ಮಾಡ್ಲಿ ಅಂತ ಕೇಳೂದ ಬಿಟ್ಟಾಳ. ಅಷ್ಟ.”

ನೀಲಾಳಿಗೆ ಅಳು ಬಂದಂತಾಯಿತು. ಅವಳನ್ನು ನೋಡಲು ಬಂದ ದಿನ ಈ ಮಾಸ್ತರರು ಎಲ್ಲ ಗಂಡುಗಳ ಹಾಗೆ ಸಾಕು ಸಾಕು ಎನ್ನದೆ, ತಾಟು ಮುಂದೆ ಮಾಡಿ, ಎಣ್ಣೆಗಾಯಿ ಇನ್ನೊಂದು ಹಾಕ್ರಿ ಎಂದಿದ್ದರು. ಆ ಸಂಕೋಚವಿಲ್ಲದ ಹಸಿವನ್ನು ನೋಡಿಯೇ ಅವಳು ಒಪ್ಪಿದ್ದಳು. ಅದೇ ಮನುಷ್ಯ ನಾಳೆ ಗಂಟೆ ಬಾರಿಸಿದಾಗ ಡಬ್ಬಿ ತೆರೆದು, ನೋಡದೆ ತಿಂದು, ಮುಚ್ಚುವುದನ್ನು ಅವಳಿಂದ ಊಹಿಸಲಾಗಲಿಲ್ಲ. ಹಾಗೆಂದು ಅವರ ನೋವನ್ನೂ ದಿನಾ ಗೆರೆಯಲ್ಲಿ ನೋಡುತ್ತ ಕೂರಲಾಗುತ್ತಿರಲಿಲ್ಲ.

ಸಂಜೆ ಮನೆಯಲ್ಲಿ ವಿಷಯ ಹೇಳಿದಾಗ ಮಾಸ್ತರರು ಗಂಜಿಯ ಬಟ್ಟಲು ಪಕ್ಕಕ್ಕಿಟ್ಟರು.

“ಆಗಲಿ ನೀಲಾ, ಮಾಡಿಸೇ ಬಿಡೋಣು. ಮಕ್ಕಳ ಮುಂದ ನಿಂದರಾಕ ಆಗವಲ್ದು. ಹೊಟ್ಟಿ ಹಿಡಕೊಂಡ ನಿಂತ ಹಿಮಾಲಯದ ಪಾಠ ಹೆಂಗ ಹೇಳ್ಲಿ?”

“ಹೊಟ್ಟಿಗೆ ಕಲಾಯಿ ಹಾಕಿಸಿದ್ರ ಬಾಯಿಗೆ ರುಚಿ ಇರತೈತೇನು?” ಪಾರವ್ವ ಕೇಳಿದಳು.

ಪಾರವ್ವ ಎದ್ದು ದೇವರ ಗೂಡಿನ ಮುಂದೆ ನಿಂತು ಏನೋ ಗೊಣಗಿಕೊಂಡಳು. ನೀಲಾ ಅದನ್ನು ವಯಸ್ಸಾದವರ ಸಂಕಟ ಎಂದುಕೊಂಡಳು.

ಮರುದಿನ ಕೇಂದ್ರದಲ್ಲಿ ನೀಲಾ ಗಂಡನ ಗೆರೆಯನ್ನು ಬಿಟ್ಟು ಉಳಿದ ಗೆರೆಗಳನ್ನು ನೋಡತೊಡಗಿದಳು. ಒಬ್ಬನನ್ನೇ ದಿಟ್ಟಿಸಿ ಏನೂ ತಿಳಿಯದಿದ್ದಾಗ ಓಣಿಯವರನ್ನು ವಿಚಾರಿಸಬೇಕಲ್ಲ. ತಮ್ಮ ಓಣಿಯ ಹೊಟ್ಟೆಗಳನ್ನೆಲ್ಲ ಪರದೆಯ ಮೇಲೆ ಒಂದರ ಕೆಳಗೊಂದು ಜೋಡಿಸಿದಳು. ಮಾಸ್ತರರ ಗೆರೆ ಎದ್ದ ಕ್ಷಣವೇ ಇನ್ನೊಂದು ಗೆರೆಯೂ ಎದ್ದಿತು. ಅದು ಪಕ್ಕದ ಮನೆಯ ರಾಜೇಸಾಬರದು, ಮಾಬುಬಿಯ ಗಂಡ. ಹಿಂದಿನ ದಿನವೂ ಹಾಗೆಯೇ, ಅದರ ಹಿಂದಿನ ದಿನವೂ ಹಾಗೆಯೇ. ಒಂದೇ ವ್ಯತ್ಯಾಸವೆಂದರೆ ರಾಜೇಸಾಬರ ಗೆರೆ ತುಸು ಹೊತ್ತಿಗೆ ತಣ್ಣಗೆ ಇಳಿಯುತ್ತಿತ್ತು, ಮಾಸ್ತರರದು ಬೇಗ ಇಳಿಯುತ್ತಿರಲಿಲ್ಲ.

ರಾಜೇಸಾಬರಿಗೆ ಪಥ್ಯವೇ ಇರಲಿಲ್ಲ. ಅವರು ತಿನ್ನುವುದಕ್ಕೂ ಇವರು ತಿನ್ನುವುದಕ್ಕೂ ಸಂಬಂಧವಿಲ್ಲ. ಎರಡು ಹೊಟ್ಟೆಗಳ ನಡುವೆ ಇದ್ದದ್ದು ಒಂದು ಗೋಡೆ ಮಾತ್ರ.

ಶುಕ್ರವಾರ ನೀಲಾ ರಜೆ ಹಾಕಿದಳು. ಅವಳು ಮನೆಯಲ್ಲೇ ಉಳಿದದ್ದನ್ನು ಕಂಡು ಪಾರವ್ವನಿಗೆ ಯಾಕೋ ಕಸಿವಿಸಿ. ಒಳಗೂ ಹೊರಗೂ ಸುಳಿದಾಡಿ, ಕೊನೆಗೆ, “ಮಾಬುಬಿನ್ನ ಮಾತಾಡಿಸಿ ಬರ್ತೀನಿ” ಎಂದು ಸೆರಗು ಸುತ್ತಿಕೊಂಡು ಹೊರಟಳು. ಮಾಸ್ತರರು ಸ್ನಾನ ಮುಗಿಸಿ ಪತ್ರಿಕೆ ಹಿಡಿದರು. ನೀಲಾ ಅಂಗೈಯಗಲದ ಪರದೆ ಹಿಡಿದು ಅವರೆದುರು ಕೂತಳು.

ಗೆರೆ ಮಲಗಿತ್ತು. ಸ್ವಲ್ಪ ಹೊತ್ತಾಯಿತು. ಕಿಟಕಿ ಮುಚ್ಚಿತ್ತು, ಯಾವ ವಾಸನೆಯೂ ಇಲ್ಲ. ಒಮ್ಮೆಲೇ ಗೆರೆ ಎದ್ದಿತು. ಮಾಸ್ತರರ ಕೈ ತಂತಾನೇ ಹೊಟ್ಟೆಯ ಮೇಲೆ ಹೋಯಿತು.

“ಏನಾತ್ರಿ ಈಗ?”

“ಏನಿಲ್ಲ. ಸಂಪಾದಕೀಯ ಓದಾಕತ್ತಿದ್ದೆ. ಅದರಿಂದ ಹೊಟ್ಟಿ ಉರೀತಿರಬೇಕು.”

ನಗುವ ಸ್ಥಿತಿಯಲ್ಲಿ ನೀಲಾ ಇರಲಿಲ್ಲ. ಕಣ್ಣು ಮುಚ್ಚಿ ಕಿವಿಗೊಟ್ಟಳು. ರಸ್ತೆಯಲ್ಲಿ ಬಸ್ಸು. ನಲ್ಲಿಯ ನೀರು. ಅವುಗಳ ಹಿಂದೆ, ಗೋಡೆಯ ಆಚೆಯಿಂದ, ಪಟಪಟ ಎಂದು ರೊಟ್ಟಿ ಬಡಿಯುವ ಸದ್ದು. ಮದುವೆಯಾಗಿ ಬಂದ ದಿನದಿಂದ ಇದ್ದ ಸದ್ದು. ಅದಕ್ಕೇ ಕಿವಿ ಅದನ್ನು ಕೇಳುವುದನ್ನು ಬಿಟ್ಟಿತ್ತು. ಎರಡು ಬಡಿತ, ಒಂದು ತಿರುವು, ಮತ್ತೆ ಚಿಕ್ಕದೊಂದು ಬಡಿತ. ಹಾಗೆ ಬಡಿಯುವ ಕೈ ಆ ಓಣಿಯಲ್ಲಿ ಒಂದೇ ಇತ್ತು.

ನೀಲಾ ಎದ್ದು ಪಕ್ಕದ ಮನೆಗೆ ನಡೆದಳು.

ಮಾಬುಬಿಯ ಅಡುಗೆಮನೆಯಲ್ಲಿ ಪಾರವ್ವ ಬೆವರಿಳಿಸುತ್ತ ಹಲಗೆಯ ಮುಂದೆ ಕೂತಿದ್ದಳು. ಬುಟ್ಟಿಯಲ್ಲಿ ರೊಟ್ಟಿಯ ರಾಶಿ. ಸೊಸೆಯನ್ನು ಕಂಡದ್ದೇ, ಬೆಲ್ಲ ಕದ್ದು ಸಿಕ್ಕಿಬಿದ್ದ ಹುಡುಗಿಯ ಹಾಗೆ ಹಿಟ್ಟಿನ ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡಳು.

“ನಾ ಅವಂಗ ಒಂದ ತುಣುಕೂ ಕೊಟ್ಟಿಲ್ಲವ್ವಾ! ಮಾಬುಬಿನ್ನ ಕೇಳು!”

“ಇಲ್ಲ ನೀಲವ್ವಾ, ಖರೇನ,” ಎಂದಳು ಮಾಬುಬಿ. “ಹರಕಿ ರೊಟ್ಟಿ ಇವು. ಮಠದ ದಾಸೋಹಕ್ಕ ಹೋಗ್ತಾವ. ನಮ್ಮನಿಗೆ ಎರಡ ಇಟ್ಟು ಉಳದದ್ದು ಕಟ್ಟತಾರ.”

ಕಥೆ ಬಿಚ್ಚಿಕೊಂಡಿತು. ಮಗನ ಪಥ್ಯ ಶುರುವಾದ ಕೆಲವು ದಿನಕ್ಕೆ ಪಾರವ್ವ ಹರಕೆ ಹೊತ್ತಿದ್ದಳು. ಮಗನ ಹೊಟ್ಟೆ ನೆಟ್ಟಗಾಗುವ ತನಕ ದಿನಾ ಐದು ರೊಟ್ಟಿ ಮಠಕ್ಕೆ, ಅಲ್ಲಿಯ ತನಕ ತಾನು ರೊಟ್ಟಿ ಮುಟ್ಟುವುದಿಲ್ಲ. ಸ್ವಂತ ಒಲೆಯ ಮೇಲೆ ಮಾಡಿದರೆ ಮಗನ ಮನಸ್ಸು ಹರಿಯುತ್ತದೆ, ಸೊಸೆ ನಗುತ್ತಾಳೆ. ಆದ್ದರಿಂದ ಗೆಳತಿಯ ಒಲೆ.

“ಐದ ಬಡದೆ, ನೋವು ಶುರುವಾತು. ದೇವರಿಗೆ ಸಾಲವಲ್ದು ಅಂತ ಹನ್ನೊಂದ ಮಾಡಿದೆ. ಮತ್ತೂ ಹೆಚ್ಚಾತು. ಈಗ ಇಪ್ಪತ್ತೊಂದ ಬಡೀತೀನಿ,” ಎಂದು ಪಾರವ್ವ ಕಣ್ಣೊರೆಸಿಕೊಂಡಳು. ಕಣ್ಣ ಸುತ್ತ ಹಿಟ್ಟು ಹತ್ತಿತು.

ನೀಲಾ ಬಾಗಿಲಿಗೆ ಒರಗಿ ನಿಂತುಬಿಟ್ಟಳು. ಬಾಯಿಗೆ ತುತ್ತು ಬರುವ ಮೊದಲೇ, ಅದರ ಸುಳಿವು ಸಿಕ್ಕರೆ ಸಾಕು, ಮಿದುಳು ಹೊಟ್ಟೆಗೆ ಸಿದ್ಧವಾಗೆಂದು ಹೇಳಿ ಆಮ್ಲ ಸುರಿಸುತ್ತದೆ. ಇದು ಅವಳು ಮೊದಲ ವರ್ಷದಲ್ಲೇ ಓದಿದ ಪಾಠ. ನಲವತ್ತು ವರ್ಷ ಆ ಬಡಿತ ಕೇಳಿ ರೊಟ್ಟಿ ತಿಂದ ಹೊಟ್ಟೆ, ಬಡಿತ ಕೇಳಿದ್ದೇ ಎದ್ದು ಕೂರುತ್ತಿತ್ತು. ಮಾಸ್ತರರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ, ಹೊಟ್ಟೆಗೆ ಗೊತ್ತಾಗುತ್ತಿತ್ತು. ಆಮೇಲೆ ಅದಕ್ಕೆ ಸಿಗುತ್ತಿದ್ದುದು ಒಂದು ಸೌಟು ತಿಳಿಗಂಜಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ಕಿವಿಗೆ ಬಂದದ್ದು ಬಾಯಿಗೆ ಬರುತ್ತಿರಲಿಲ್ಲ. ನೋವು ಹೆಚ್ಚಾದಂತೆ ತಾಯಿ ರೊಟ್ಟಿ ಹೆಚ್ಚಿಸಿದಳು, ರೊಟ್ಟಿ ಹೆಚ್ಚಾದಂತೆ ಮಗನ ನೋವು ಹೆಚ್ಚಾಯಿತು. ಜಗತ್ತಿನ ಯಾವ ಯಂತ್ರಕ್ಕೂ ಈ ಲೆಕ್ಕ ಹತ್ತುವ ಹಾಗಿರಲಿಲ್ಲ.

ಆದರೆ ದೇಸಾಯಿಯವರಿಗೆ ಊಹೆ ಸಾಲದು, ಪುರಾವೆ ಬೇಕು. ನೀಲಾ ಫೋನು ಹಚ್ಚಿ, ಗಂಡನ ಗೆರೆ ನೋಡುತ್ತಿರಿ, ನಾನು ಹೇಳುವ ತನಕ ಬೇರೇನೂ ಕೇಳಬೇಡಿ ಎಂದಳು. ಅತ್ತೆಗೆ, “ಯಾಕ ಅಂತ ಆಮ್ಯಾಲ ಹೇಳ್ತೀನಿ, ಸ್ವಲ್ಪ ಕೈ ತಡೀರಿ” ಎಂದಳು. ಗೆರೆ ಪೂರ್ತಿ ಇಳಿಯುವ ತನಕ ಮೂವರು ಹೆಂಗಸರೂ ಚಹಾ ಕುಡಿಯುತ್ತ ಕಾದರು.

ಮೊದಲು ಮಾಬುಬಿ ಬಡಿದಳು.

“ಒಂಚೂರು ಅಲುಗಾಡಿತು. ಅಷ್ಟ,” ಎಂದರು ದೇಸಾಯಿ.

ಆಮೇಲೆ ನೀಲಾ ಬಡಿದಳು.

“ಏನೂ ಇಲ್ಲ ಮೇಡಮ್. ಚೊಲೋ ಮಲಗೇದ.”

ನೀಲಾಳ ಮುಖ ಸಣ್ಣದಾಯಿತು. ಸಂಸಾರ ಶುರುವಾಗಿ ಇಷ್ಟು ವರ್ಷವಾದರೂ ತನ್ನ ರೊಟ್ಟಿಗೆ ಗಂಡನ ಹೊಟ್ಟೆ ಎದ್ದು ಕೂರುವುದಿಲ್ಲ ಎಂಬುದನ್ನು ವಿಜ್ಞಾನವೇ ಹೇಳಿಬಿಟ್ಟಿತು. ಮಾಬುಬಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ ಪಾರವ್ವ ಹಲಗೆ ಎಳೆದುಕೊಂಡಳು. ಎರಡು ಬಡಿತ, ಒಂದು ತಿರುವು.

“ಎದ್ದದ!” ಫೋನಿನಲ್ಲಿ ದೇಸಾಯಿಯವರ ಕುರ್ಚಿ ಸರಿದ ಸದ್ದಾಯಿತು. “ಮೇಡಮ್, ಗುಡ್ಡ ಎದ್ದಂಗ ಎದ್ದದ! ಯಾರವರು? ಏನ್ ಕೊಟ್ರಿ?”

“ಏನೂ ಕೊಟ್ಟಿಲ್ರಿ ಸರ್. ಈಗ ಕೊಡ್ತೀನಿ.”

ಹಂಚಿನಿಂದ ಇಳಿದ ಉಬ್ಬಿದ ರೊಟ್ಟಿಯನ್ನು ನೀಲಾ ತಾಟಿಗೆ ಹಾಕಿಕೊಂಡು ಓಡಿದಳು. ಬರೀ ರೊಟ್ಟಿ, ಪಲ್ಯವಿಲ್ಲ, ಚಟ್ನಿಯಿಲ್ಲ. ಮಾಸ್ತರರು ಹೊಟ್ಟೆ ಹಿಡಿದುಕೊಂಡೇ ತಾಟನ್ನು ನೋಡಿದರು, ಹೆಂಡತಿಯನ್ನು ನೋಡಿದರು.

“ಪಥ್ಯ?”

“ನಾ ಹೇಳಾಕತ್ತೇನಲ್ಲ, ತಿನ್ರಿ.”

ಅವರು ಮುರಿದು ಬಾಯಿಗಿಟ್ಟರು. ಕಣ್ಣು ಮುಚ್ಚಿ ಅಗಿದರು. ಅರ್ಧ ರೊಟ್ಟಿ ಮುಗಿಯುವುದರೊಳಗೆ ಗೆರೆ ಒಲೆಯಿಂದ ಇಳಿಸಿದ ಹಾಲಿನಂತೆ ತಗ್ಗಿತು. ತಟ್ಟೆ ಖಾಲಿಯಾದ ಮೇಲೆ ಮಾಸ್ತರರು ಯಾವ ಸಂಕೋಚವೂ ಇಲ್ಲದೆ ಅದನ್ನು ಮುಂದೆ ಮಾಡಿ, “ಇನ್ನೊಂದು ಹಾಕು” ಎಂದರು. ನೀಲಾ ಅಲ್ಲೇ ನಿಂತು ಅತ್ತಳು.

ನೀಲಾ ಫೋನಿನಲ್ಲಿ ರೊಟ್ಟಿಯ ಕಥೆಯನ್ನೆಲ್ಲ ಹೇಳಿ ಮುಗಿಸಿದ ಮೇಲೆ ದೇಸಾಯಿಯವರು, “ಸೋಮವಾರದ ಹಾಸಿಗಿ ರದ್ದ ಮಾಡಿದೆ,” ಎಂದರು. ನೀಲಾ ಫೋನು ಇಡುವುದರಲ್ಲಿದ್ದಾಗ ಮತ್ತೆ ಕೇಳಿಸಿತು: “ಮೇಡಮ್, ಆ ಹಲಗಿ ಹತ್ರ ಫೋನು ಇಡ್ರಿ. ಅವರು ಇನ್ನ ಎರಡ ಬಡೀಲಿ. ಸುಮ್ಮನ ಕೇಳ್ತೀನಿ.” ನೀಲಾ ಮಾಬುಬಿಯ ಅಡುಗೆಮನೆಗೆ ಮರಳಿ ಹಲಗೆಯ ಪಕ್ಕದಲ್ಲಿ ಫೋನು ಇಟ್ಟಳು. ದೇಸಾಯಿಯವರ ಸ್ವಂತ ಗೆರೆ ಅಲುಗಿತೋ ಇಲ್ಲವೋ ಎಂದು ಅವಳು ಮುಂದೆಂದೂ ಕೇಳಲಿಲ್ಲ.

ಆಮೇಲಿನ ವಾರಗಳಲ್ಲಿ ಬಿಟ್ಟದ್ದೆಲ್ಲ ಒಂದೊಂದಾಗಿ ಮರಳಿ ಬಂದು, ಉಬ್ಬರದ ಕಳ್ಳ ಹಾಲು ಎಂದು ಗೊತ್ತಾಯಿತು. ಶಾಲೆಯ ಬಿಡುವಿನಲ್ಲಿ ಗ್ಲಾಸಿನ ಮೇಲೆ ಗ್ಲಾಸು ಚಹಾ ಕುಡಿಯುತ್ತಿದ್ದರಲ್ಲ, ಅದು. ಕರಿ ಚಹಾಕ್ಕೆ ಲಿಂಬೆ ಹಿಂಡಿಕೊಂಡು ಅವರು ರಾಜಿಯಾದರು.

ಆದರೆ ಆ ಶುಕ್ರವಾರ, ಮಾಬುಬಿಯ ಅಡುಗೆಮನೆಯಲ್ಲಿ, ಪಾರವ್ವ ಇನ್ನೂ ಹಲಗೆಯ ಮುಂದೆಯೇ ಕೂತಿದ್ದಳು. ಯಾರೂ ಬಿಡಿಸಿ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಒಬ್ಬೊಬ್ಬರಾಗಿ ರೊಟ್ಟಿ ಬಡಿದದ್ದು, ಫೋನಿನಲ್ಲಿ ಎದ್ದದ ಎಂದು ಕೂಗಿದ್ದು, ಎಲ್ಲವನ್ನೂ ಅವಳು ಒಳಗೇ ಕೂಡಿಸುತ್ತಿದ್ದಳು.

“ನೀಲವ್ವಾ,” ಎಂದಳು. “ಅಂದ್ರ, ನಾ ರೊಟ್ಟಿ ಬಡದಿದ್ದಕ್ಕ ನನ್ನ ಮಗಗ ನೋವಾತು?”

ನೀಲಾ ಅತ್ತೆಯ ಎದುರು ಕೂತಳು. ಸುಳ್ಳು ಹೇಳಲು ಮನಸ್ಸಿರಲಿಲ್ಲ. ನಿಜ ಹೇಳಿದರೆ ಈ ಮುದುಕಿ ಇನ್ನು ಸಾಯುವ ತನಕ ಹಂಚು ಮುಟ್ಟುವುದಿಲ್ಲ ಎಂದೂ ಗೊತ್ತಿತ್ತು. ಪಾರವ್ವನ ಹಿಟ್ಟು ಮೆತ್ತಿದ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಇಲ್ರಿ ಅತ್ತಿ. ಬಡದಿದ್ದಕ್ಕ ಅಲ್ಲ. ಬಡದು ಅವರಿಗೆ ಕೊಡಲಿಲ್ಲಲ್ರಿ, ಅದಕ್ಕ.”

ಪಾರವ್ವ ಸೊಸೆಯ ಮುಖವನ್ನೇ ನೋಡಿದಳು. ನೋಡುತ್ತ ನೋಡುತ್ತ ಅವಳ ಕಣ್ಣು ತುಂಬಿ, ತುಟಿ ಬಿರಿಯಿತು.

“ಹುಚ್ಚ ಖೋಡಿ, ಇದನ್ನ ಮದ್ಲ ಹೇಳಬಾರದೇನು?” ಎಂದು ಸೊಸೆಯ ತಲೆಗೆ ಮೆಲ್ಲಗೆ ಮೊಟಕಿದಳು. ಗೋಡೆಯಾಚೆಯಿಂದ ಮಾಸ್ತರರು ಅವ್ವಾ, ಅವ್ವಾ ಎಂದು ಕರೆಯುತ್ತಿದ್ದರು. ಪಾರವ್ವ ಇನ್ನೊಂದು ಉಂಡೆ ಹಲಗೆಯ ಮೇಲಿಟ್ಟು ಬಡಿಯತೊಡಗಿದಳು. “ತಾಟು ತಗೋ. ನೀನೂ ಕುಂದರು. ಹರಕಿ ಮುಗೀತು, ಇವತ್ತ ನಾನೂ ತಿಂತೀನಿ.”